ಕೇಡಗಾಂವದ ಮುಕ್ತಿ ಸದನ

ಕಾರ್ಕಳ ಸೀಮೆಯ ಮಾಳ ಗ್ರಾಮದ ಅನಂತ ಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ ಊರವರ ಮುನಿಸು ಕಟ್ಟಿಕೊಂಡರು. ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದರು. 1858ರಲ್ಲಿ ಅಲ್ಲಿ ಹುಟ್ಟಿದ ಮಗಳೇ ರಮಾಬಾಯಿ. ಕೂಸು ನಡೆಯಲು ಕಲಿಯುವ ಮುನ್ನವೇ ಸಂಸಾರ ಕಾಡು ಬಿಟ್ಟು ಹೊರಟಿತು. ಅಲ್ಲಿಂದ ಮುಂದೆ ಪುರಾಣ ಹೇಳುತ್ತ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದೇ ಅವರ ಬಾಳಾಯಿತು.

1870ರ ದಶಕದಲ್ಲಿ ಮದರಾಸು ಪ್ರಾಂತವನ್ನು ಬರ ಆವರಿಸಿತು. ಪುರಾಣ ಕೇಳುವವರಿಲ್ಲ, ದಕ್ಷಿಣೆ ಕೊಡುವವರಿಲ್ಲ. ಬೇಡಲು ಮಾನ ಅಡ್ಡ ಬಂತು, ಕೂಲಿಗೆ ಹೋಗಲು ಜಾತಿ ಅಡ್ಡ ಬಂತು. ತಿರುಪತಿಯ ಸುತ್ತಿನ ಕಾಡಿನಲ್ಲಿ ಸೊಪ್ಪು ತಿಂದು ದಿನ ನೂಕಿದರು. ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. ಸಾವಿರಾರು ಶ್ಲೋಕ ಬಾಯಿಗೆ ಬರುತ್ತಿದ್ದ ಆ ಮನೆಯಲ್ಲಿ ಒಂದು ಹಿಡಿ ಕಾಳು ದುಡಿದು ತರಬಲ್ಲ ಕೈ ಇರಲಿಲ್ಲ. ಮುಂದೆ ಕೇಡಗಾಂವದಲ್ಲಿ ರಮಾಬಾಯಿ ಕಟ್ಟಿದ್ದನ್ನೆಲ್ಲ ಈ ಒಂದು ಸಂಗತಿಯಿಂದಲೇ ಅರ್ಥ ಮಾಡಿಕೊಳ್ಳಬೇಕೆಂದು ನನಗನ್ನಿಸುತ್ತದೆ.

ನಡುವಿನ ಕಥೆ ಬಹುಮಂದಿಗೆ ಗೊತ್ತಿರುವುದೇ. ಕಲಕತ್ತೆಯ ವಿದ್ವಾಂಸರು ಕೊಟ್ಟ ಪಂಡಿತಾ ಬಿರುದು, ಮದುವೆ, ಎರಡೇ ವರ್ಷದೊಳಗೆ ವೈಧವ್ಯ, 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಸದನ ಪುಣೆಗೆ ಬಂದ ಮೇಲೆ ಮತಾಂತರದ ಗದ್ದಲವೆದ್ದಿತು. ತಿಲಕರ ‘ಕೇಸರಿ’ ಕಿಡಿ ಕಾರಿತು. ರಾನಡೆ, ಭಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಳಿಯಿಂದ ಹಿಂದೆ ಸರಿದರು. ಅವರ ಆಕ್ಷೇಪ ಆಧಾರವಿಲ್ಲದ್ದೇನೂ ಅಲ್ಲ. ರಮಾಬಾಯಿ ತಮ್ಮ ನಂಬಿಕೆಯನ್ನು ಮುಚ್ಚಿಡಲಿಲ್ಲ, ಹುಡುಗಿಯರಲ್ಲಿ ಹಲವರು ಅದೇ ದಾರಿ ಹಿಡಿದರು. ಆದರೆ ಮುಂದಿನ ಬರಗಾಲದಲ್ಲಿ ಅನಾಥ ಮಕ್ಕಳನ್ನು ಹುಡುಕಿಕೊಂಡು ಹೋದವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನೂ ಇದರ ಪಕ್ಕದಲ್ಲೇ ಇಡಬೇಕಾಗುತ್ತದೆ.

1896ರಲ್ಲಿ ಮಧ್ಯ ಪ್ರಾಂತಗಳಲ್ಲಿ ಮತ್ತೆ ಕ್ಷಾಮ. ಸುದ್ದಿ ಕೇಳಿದ ರಮಾಬಾಯಿ ತಾವೇ ಹೊರಟರು. ಗಂಜಿಕೇಂದ್ರಗಳಲ್ಲೂ ಮರದಡಿಗಳಲ್ಲೂ ಎಲುಬಿನ ಗೂಡಾಗಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಕಂಡರು. ಅವರನ್ನು ಹೊತ್ತೊಯ್ಯಲು ಕಾದಿದ್ದ ನೀಚರನ್ನೂ ಕಂಡರು. ನೂರಾರು ಮಕ್ಕಳೊಂದಿಗೆ ಮರಳಿದರೆ ಪುಣೆಯಲ್ಲಿ ಪ್ಲೇಗು. ನಗರದಲ್ಲಿ ಇಷ್ಟು ಜನರನ್ನು ಇರಿಸಿಕೊಳ್ಳಲು ಅಧಿಕಾರಿಗಳು ಒಪ್ಪಲಿಲ್ಲ. ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದ ಕೇಡಗಾಂವದಲ್ಲಿ, ಹಣ್ಣಿನ ತೋಟಕ್ಕೆಂದು ಕೊಂಡಿಟ್ಟ ಬಯಲು ಭೂಮಿಯಲ್ಲಿ ಗುಡಿಸಲುಗಳು ಎದ್ದವು. ಆ ನೆಲಕ್ಕೆ ಮುಕ್ತಿ ಎಂದು ಹೆಸರಾಯಿತು.

ಶಾರದಾ ಸದನದಲ್ಲಿ ಕಲಿತ ವಿಧವೆಯರೇ ಹೊಸ ಮಕ್ಕಳಿಗೆ ತಾಯಂದಿರೂ ಗುರುಗಳೂ ಆದರು. ಅಮೆರಿಕದ ಮಿನ್ನಿ ಏಬ್ರಮ್ಸ್ 1898ರಲ್ಲಿ ಬಂದು ಸೇರಿಕೊಂಡರು. ಬಾವಿ ತೋಡಿದರು, ಹೊಲ ಉತ್ತರು, ಮಗ್ಗ ಹೂಡಿದರು, ಗಾಣ ಕಟ್ಟಿದರು. ಅಕ್ಷರ ಕಲಿತ ಹುಡುಗಿ ಹೈನನ್ನೋ ನೇಯ್ಗೆಯನ್ನೋ ಕಲಿಯಲೇಬೇಕು. ಮೇಲು ಕೀಳೆನ್ನದೆ ಎಲ್ಲ ಜಾತಿಯ ಮಕ್ಕಳ ಕೈಗೂ ಕೆಲಸ ಬಂತು. ಗುಜರಾತಿನ ಬರದ ಮಕ್ಕಳೂ ಸೇರಿ 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ, ನೂರಕ್ಕೂ ಮಿಕ್ಕಿ ದನಕರುಗಳು. ಕುರುಡು ಮಕ್ಕಳಿಗೆ ಬ್ರೈಲ್ ಕಲಿಸಿದವರು ರಮಾಬಾಯಿಯವರ ಒಬ್ಬಳೇ ಮಗಳು ಮನೋರಮಾ.

ಮುಕ್ತಿಯ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರೂ ಹೆಂಗಸರೇ. ರಮಾಬಾಯಿ ಮರಾಠಿಗೆ ತಂದ ಬೈಬಲ್ ಅಲ್ಲೇ ಅಚ್ಚಾಯಿತು. 1921ರಲ್ಲಿ ಮಗಳು ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾಯಿ. ಹುಟ್ಟಿದ ಕನ್ನಡ ನೆಲಕ್ಕೆ ಈ ಕೆಲಸ ಬಂದದ್ದು ಅದಕ್ಕೂ ಮೊದಲೇ: 1912ರಲ್ಲಿ, ನಿಜಾಮರ ಆಳ್ವಿಕೆಯ ಕಲಬುರಗಿಯಲ್ಲಿ ತಾಯಿ ತೆರೆದ ಶಾಲೆಗೆ ಮನೋರಮಾ ಮುಖ್ಯೋಪಾಧ್ಯಾಯಿನಿಯಾಗಿದ್ದರು.