ದಂಡಿನ ಆಂಗ್ಲೇಯರೂ ಕನ್ನಡ ನುಡಿಯೂ

ಪರದೇಶಕ್ಕೆ ಹೋದವನು ಆ ದೇಶದ ಭಾಷೆಯನ್ನು ಕಲಿಯಬೇಕೆ, ಬೇಡವೆ ಎಂಬ ಪ್ರಶ್ನೆಯು ಹೊಸದಲ್ಲ. ಆಂಗ್ಲೇಯರು ಎಲ್ಲಿಗೆ ಹೋದರೂ ತಮ್ಮ ಭಾಷೆಯನ್ನೇ ಸಂಗಡ ಕೊಂಡೊಯ್ಯುವರೆಂದೂ, ಅನ್ಯರ ನುಡಿಗೆ ಅವರ ನಾಲಗೆಯು ಬಾಗದೆಂದೂ ಲೋಕದಲ್ಲಿ ಒಂದು ಪ್ರತೀತಿಯುಂಟು. ಅವರ ಕಾಲ್ಚೆಂಡಾಟದವರು ಪರರಾಷ್ಟ್ರಗಳ ತಂಡಗಳನ್ನು ಸೇರಿದಾಗಲೂ ಈ ಮಾತೇ ಕೇಳಿಬರುವುದು. ಆದರೆ ಒಂದು ಜನಾಂಗದ ಮೇಲೆ ಇಂತಹ ದೋಷವನ್ನು ಹೊರಿಸುವುದಕ್ಕೆ ಮೊದಲು ಚರಿತ್ರೆಯನ್ನು ವಿಚಾರಿಸಿ ನೋಡುವುದು ನ್ಯಾಯವಾದುದು. ಆ ವಿಚಾರಣೆಗೆ ಬೆಂಗಳೂರಿಗಿಂತ ಯೋಗ್ಯವಾದ ಸ್ಥಳವು ದುರ್ಲಭ. ಏಕೆಂದರೆ ಕನ್ನಡದ ಗೊಡವೆಯೇ ಇಲ್ಲದೆ ದಿನಗಳೆದ ಆಂಗ್ಲೇಯರೂ, ಕನ್ನಡಕ್ಕಾಗಿ ಆಯುಷ್ಯವನ್ನೇ ಸವೆಸಿದ ಆಂಗ್ಲೇಯರೂ ಒಂದೇ ಕಾಲದಲ್ಲಿ ಈ ಊರಿನಲ್ಲಿ ಬಾಳಿದ್ದರು.

ಕ್ರಿ. ಶ. 1809ರಲ್ಲಿ ಹಲಸೂರಿನ ಕಡೆಯಲ್ಲಿ ಬ್ರಿಟಿಷರ ಸೈನ್ಯವು ನೆಲೆಗೊಂಡಿತು. ಜನರು ಆ ಭಾಗವನ್ನು ದಂಡು ಎಂದೂ, ಕೆಂಪೇಗೌಡನು ಕಟ್ಟಿಸಿದ ಹಳೆಯ ಊರನ್ನು ಪೇಟೆಯೆಂದೂ ಕರೆದರು. ಇವೆರಡಕ್ಕೂ ಇದ್ದ ಅಂತರವು ಕೆಲವು ಮೈಲಿಗಳಷ್ಟೇ ಆದರೂ, ಪೇಟೆಯ ನುಡಿಯು ದಂಡಿನ ಬಂಗಲೆಗಳನ್ನು ಮುಟ್ಟುತ್ತಿರಲಿಲ್ಲ. ಸೈನ್ಯವನ್ನು ಹಿಂಬಾಲಿಸಿ ಬಂದ ವರ್ತಕರಲ್ಲಿಯೂ ಪರಿಚಾರಕರಲ್ಲಿಯೂ ತಮಿಳರು ಬಹುಮಂದಿಯಿದ್ದರು. ಸಿಪಾಯಿಗಳೊಡನೆ ವ್ಯವಹಾರಕ್ಕೆ ಹಿಂದೂಸ್ಥಾನಿಯು ಸಾಕಾಗಿದ್ದಿತು. ಬಂಗಲೆಯ ಬಟ್ಲರನು ದೊರೆಯ ಇಂಗಿತವನ್ನು ದೊರೆಯ ಭಾಷೆಯಲ್ಲಿಯೇ ತಿಳಿದುಕೊಳ್ಳುತ್ತಿದ್ದನು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದಾಗಲೂ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರಲ್ಲಿ ಮಾತ್ರ ಸಂಸ್ಥಾನಕ್ಕೆ ಹಿಂದಿರುಗಿತು. ಹೀಗಿರಲು ಕನ್ನಡನಾಡಿನ ನಡುವೆ ವರ್ಷಗಟ್ಟಲೆ ವಾಸವಾಗಿದ್ದು, ಕನ್ನಡವು ಕಿವಿಗೆ ಬೀಳದಂತೆ ಬದುಕುವುದು ಅಲ್ಲಿ ಅಸಾಧ್ಯವಾಗಿರಲಿಲ್ಲ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದುಂಟು. ಮುಂದೆ ಬ್ರಿಟನ್ನಿನ ಪ್ರಧಾನಮಂತ್ರಿ ಪದವಿಗೇರಿದ ವಿನ್‌ಸ್ಟನ್ ಚರ್ಚಿಲ್ಲರು 1896ರಲ್ಲಿ ಅಶ್ವದಳದ ತರುಣ ಅಧಿಕಾರಿಯಾಗಿ ಬೆಂಗಳೂರಿಗೆ ಬಂದರು. ಬೆಳಗಿನ ಕವಾಯತು, ಮಧ್ಯಾಹ್ನದಲ್ಲಿ ಗಿಬ್ಬನ್ ಮೆಕಾಲೆಯರ ಗ್ರಂಥಗಳ ವ್ಯಾಸಂಗ, ಸಂಜೆ ಪೋಲೋ ಆಟ, ಇದು ಅವರ ದಿನಚರಿ. ಓದಿನಲ್ಲಿ ಅವರಿಗೆ ಆಲಸ್ಯವಿರಲಿಲ್ಲ. ತಮ್ಮ ವಿದ್ಯಾಭ್ಯಾಸದ ಕೊರತೆಯನ್ನು ಅವರು ತುಂಬಿಕೊಂಡುದು ಬೆಂಗಳೂರಿನ ಬಂಗಲೆಯಲ್ಲಿಯೇ. ಆದರೂ ಹಿಂದೂಸ್ಥಾನಿಯನ್ನು ಕಲಿಯುವುದು ಅನಾವಶ್ಯಕವೆಂದೂ, ಇಲ್ಲಿಯವರೆಲ್ಲರೂ ಇಂಗ್ಲೀಷನ್ನು ಚೆನ್ನಾಗಿ ಆಡುವರೆಂದೂ ಅವರು ತಾಯಿಗೆ ಕಾಗದ ಬರೆದರು. ಹಿಂದೂಸ್ಥಾನಿಯ ಪಾಡೇ ಹೀಗಾದ ಮೇಲೆ ಕನ್ನಡದ ಮಾತೆಲ್ಲಿ! ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 13 ರೂಪಾಯಿಗಳ ಬಾಕಿಯು ಉಳಿಯಿತೆಂಬುದನ್ನು ಬೆಂಗಳೂರಿನವರು ಇಂದಿಗೂ ನಗುತ್ತ ಹೇಳುವರು. ಊರಿನ ಭಾಷೆಗೆ ಉಳಿದ ಬಾಕಿಯು ಯಾವ ಲೆಕ್ಕದಲ್ಲಿಯೂ ಬರೆಯಲ್ಪಡಲಿಲ್ಲ.

ಪೋಲೋ ಅಧಿಕಾರಿಗಳ ಆಟವಾದರೆ ಕಾಲ್ಚೆಂಡು ಸಾಮಾನ್ಯ ಸೈನಿಕರ ಆಟ. ದಂಡಿನ ಮೈದಾನಗಳಲ್ಲಿ ಗೋರರು ಆಡಿದ ಈ ಆಟವನ್ನು ಊರಿನ ಹುಡುಗರು ಕಂಡು ಕಲಿತರು. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯವನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದಿತು. ಆ ಕಪ್ಪನ್ನು ಗೆದ್ದ ಮೊದಲನೆಯ ಭಾರತೀಯ ತಂಡವು ಇದೇ. 1938ರಲ್ಲಿಯೂ ಜಯವು ಅವರದೇ ಆಯಿತು. ಆಟದೊಡನೆ ಗೋಲು, ಫೌಲು, ಪೆನಾಲ್ಟಿ ಎಂಬ ಮಾತುಗಳೂ ಬಂದು ಕನ್ನಡದ ಮಕ್ಕಳ ಬಾಯಲ್ಲಿ ನೆಲಸಿದುವು. ಕಲಿಸಿದವರು ಕಲಿತವರಿಂದ ಏನನ್ನು ಕಲಿತರೆಂದು ಕೇಳಿದರೆ, ಮೈದಾನದ ಮಟ್ಟಿಗೆ ಹೇಳತಕ್ಕುದು ಸ್ವಲ್ಪವೇ.

ಇಷ್ಟರಿಂದಲೇ ಆಂಗ್ಲೇಯರ ನಾಲಗೆಯು ಬಾಗದೆಂದು ತೀರ್ಮಾನಿಸಬಹುದೆ? ಚಿತ್ರದ ಮತ್ತೊಂದು ಪಾರ್ಶ್ವವನ್ನೂ ನೋಡಬೇಕು. 1812ರಲ್ಲಿ ಮದರಾಸಿನ ಸೆಂಟ್ ಜಾರ್ಜ್ ಕೋಟೆಯಲ್ಲಿ ಕಾಲೇಜೊಂದು ಸ್ಥಾಪಿತವಾಗಿ, ಕಂಪೆನಿಯ ತರುಣ ಅಧಿಕಾರಿಗಳು ಅಲ್ಲಿ ದೇಶೀಯ ಪಂಡಿತರ ಮುಂದೆ ಕುಳಿತು ದಕ್ಷಿಣದ ಭಾಷೆಗಳನ್ನು ಓದತೊಡಗಿದರು. ಪ್ರಜೆಗಳ ಅರ್ಜಿಯನ್ನು ಓದಲಾರದವನು ಜಿಲ್ಲೆಯನ್ನು ಆಳುವುದೆಂತು? 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಶ್ರೀರಾಮಪುರದಲ್ಲಿಯೂ, 1820ರಲ್ಲಿ ಮ್ಯಾಕೆರೆಲ್ಲರ ವ್ಯಾಕರಣವು ಮದರಾಸಿನಲ್ಲಿಯೂ ಅಚ್ಚಾದುವು. ಬಳ್ಳಾರಿಯ ಮಿಷನ್ನಿಗೆ ಬಂದ ವಿಲಿಯಂ ರೀವರು 1824ರಲ್ಲಿ ಇಂಗ್ಲೀಷ್-ಕನ್ನಡ ಕೋಶವನ್ನೂ, 1832ರಲ್ಲಿ ಕನ್ನಡ-ಇಂಗ್ಲೀಷ್ ಕೋಶವನ್ನೂ ಹೊರತಂದರು. 1894ರಲ್ಲಿ ಮಹಾಕೋಶವನ್ನು ಮುಗಿಸಿದ ಕಿಟ್ಟೆಲರು ಜರ್ಮನಿಯವರಾದುದರಿಂದ ಈ ಗಣನೆಗೆ ಸೇರರು; ಆದರೆ ಅವರಿಗೂ ಮುಂಚೆ ದಾರಿಯನ್ನು ಸವೆಸಿದವರಲ್ಲಿ ಆಂಗ್ಲೇಯರೂ ಇದ್ದರೆಂಬುದನ್ನು ಮರೆಯಲಾಗದು.

ಬೆಂಗಳೂರಿನಲ್ಲಿಯೇ ಹುಟ್ಟಿದ ಪಾದ್ರಿಯ ಮಗ ಬಿ. ಎಲ್. ರೈಸರ ಕೃಷಿಯು ಇನ್ನೂ ದೊಡ್ಡದು. 1886ರಿಂದ 1905ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಬೆಳಕನ್ನು ಕಂಡುವು. ಚರ್ಚಿಲ್ಲರು ಬೆಂಗಳೂರಿನಲ್ಲಿ ಪೋಲೋ ಆಡುತ್ತಿದ್ದ ಕಾಲದಲ್ಲಿಯೇ, 1898ರಲ್ಲಿ, ರೈಸರು ಪಂಪಭಾರತವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಒಬ್ಬರಿಗೆ ಕಲಿಯಲನರ್ಹವೆಂದು ತೋರಿದ ನಾಡಿನ ನುಡಿಯಲ್ಲಿ ಮತ್ತೊಬ್ಬರಿಗೆ ಸಾವಿರ ವರ್ಷಗಳ ಕಾವ್ಯವು ದೊರಕಿತು. ಧಾರವಾಡದ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟರಾದರೋ ಶಾಸನಗಳಿಗೆ ನಿಲ್ಲದೆ ಹಳ್ಳಿಯವರ ಲಾವಣಿಗಳನ್ನು ಬರೆಯಿಸಿ, ಮೂಲವನ್ನೂ ಭಾಷಾಂತರವನ್ನೂ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿಯ ಬೇಡರ ಲಾವಣಿ ಅವುಗಳಲ್ಲಿ ಸೇರಿದ್ದುವು. ಇವೆರಡೂ ಆಂಗ್ಲರ ವಿರುದ್ಧವಾಗಿ ಎದ್ದವರ ಕಥೆಗಳು! ತನ್ನ ಸರ್ಕಾರವನ್ನು ಎದುರಿಸಿದವರ ಹಾಡನ್ನು ಆ ಸರ್ಕಾರದ ಅಧಿಕಾರಿಯೇ ಕಿವಿಗೊಟ್ಟು ಕೇಳಿ ಉಳಿಸಿಕೊಟ್ಟುದು, ನುಡಿಯನ್ನು ಕಲಿತ ಕಿವಿಯಿಂದ ಮಾತ್ರ ಆಗಬಹುದಾದ ಕಾರ್ಯ.

ಒಂದೇ ಜನಾಂಗ, ಒಂದೇ ಕಾಲ. ಫಲವು ಮಾತ್ರ ಬೇರೆ. ಆದುದರಿಂದ ಭಾಷೆಯನ್ನು ಕಲಿಯುವುದು ರಕ್ತದ ಗುಣವಲ್ಲ, ಬುದ್ಧಿಯ ತಾರತಮ್ಯವೂ ಅಲ್ಲ. ಊರಿನವರಿಲ್ಲದೆ ತನ್ನ ಕೆಲಸವು ನಡೆಯದೆಂದು ಅರಿತವನು ಕಲಿತನು. ಊರಿನವರು ತನ್ನ ಕೆಲಸಕ್ಕಾಗಿಯೇ ಇರುವರೆಂದು ಬಗೆದವನು ಕಲಿಯಲಿಲ್ಲ. ಕಲಿತವನು ಗುರುವಿನ ಮುಂದೆ ಶಿಷ್ಯನಾಗಿ ಕುಳಿತನು, ತಪ್ಪು ನುಡಿದು ತಿದ್ದಿಸಿಕೊಂಡನು. ರೀವರಿಗೂ ರೈಸರಿಗೂ ನೆರವಾದ ಮುನ್ಷಿಗಳ, ಪಂಡಿತರ ಹೆಸರುಗಳನ್ನು ಇಂದು ಬಲ್ಲವರು ವಿರಳ. ಆದರೆ ಆ ಗ್ರಂಥಗಳ ಒಂದೊಂದು ಪುಟದ ಹಿಂದೆಯೂ ಅವರ ತಾಳ್ಮೆಯಿದೆ. ಕಾಲ್ಚೆಂಡಾಟದಲ್ಲಿಯೂ ನಿಯಮವು ಇದೇ. 1986ರಲ್ಲಿ ಬಾರ್ಸಿಲೋನಾ ತಂಡವನ್ನು ಸೇರಿದ ಆಂಗ್ಲ ಆಟಗಾರ ಗ್ಯಾರಿ ಲಿನೆಕರ್ ಸ್ಪಾನಿಷ್ ಭಾಷೆಯನ್ನು ಕಲಿತು ಅದರಲ್ಲಿ ಸರಾಗವಾಗಿ ಮಾತನಾಡುವವರಾದರು. ಜೊತೆಗಾರನು ಚೆಂಡನ್ನು ಎತ್ತ ಒದೆಯುವನೆಂದು ತಿಳಿಯಬೇಕಾದವನಿಗೆ ಬಟ್ಲರನು ಸಹಾಯಕ್ಕೆ ಬರುವುದಿಲ್ಲ.

ಇಲ್ಲಿ ಕನ್ನಡಿಗರು ಯೋಚಿಸಬೇಕಾದ ಅಂಶವೊಂದುಂಟು. ಚರ್ಚಿಲ್ಲರು ಕೊಟ್ಟ ಕಾರಣವು ಕೇವಲ ದರ್ಪದ ಮಾತಲ್ಲ. ತಮ್ಮ ಸುತ್ತಲಿನವರಲ್ಲಿ ಅವರು ಕಂಡುದನ್ನೇ ಬರೆದರು. ಅತಿಥಿಯು ಬಾಯಿ ತೆರೆಯುವ ಮೊದಲೇ ಅವನ ಭಾಷೆಯಲ್ಲಿ ಉತ್ತರ ಕೊಟ್ಟವರು ಅವನಿಗೆ ಉಪಚಾರವನ್ನು ಮಾಡಿದರು. ಅದೇ ಉಪಚಾರದಿಂದ ತಮ್ಮ ನುಡಿಯ ಬಾಗಿಲನ್ನೂ ಮುಚ್ಚಿದರು. ದಂಡು ಹೋಯಿತು, ಆ ಅಭ್ಯಾಸವು ಹೋಗಲಿಲ್ಲ. ಬೆಂಗಳೂರಿನ ದಕ್ಷಿಣಕ್ಕಿರುವ ಚಿಕ್ಕಲಸಂದ್ರವು ಹಿಂದೆ ಹಳ್ಳಿಯಾಗಿದ್ದು ಈಗ ನಗರದಲ್ಲಿ ಸೇರಿಹೋಗಿದೆ. ನಾನಾ ಪ್ರಾಂತಗಳಿಂದ ಬಂದ ಕುಟುಂಬಗಳು ಅಲ್ಲಿ ನೆಲಸಿವೆ. ಹೊಸಬರು ಕನ್ನಡದಲ್ಲಿ ತಡವರಿಸಿದ ಕೂಡಲೇ ಅಂಗಡಿಯವನು ಹಿಂದಿಗೆ ತಿರುಗುತ್ತಾನೆ, ನೆರೆಮನೆಯ ವಿದ್ಯಾವಂತರು ಇಂಗ್ಲೀಷಿಗೆ ತಿರುಗುತ್ತಾರೆ. ಆಮೇಲೆ ಅವರು ಕನ್ನಡ ಕಲಿಯಲಿಲ್ಲವೆಂಬ ದೂರು! ಆ ತಡವರಿಕೆಯನ್ನು ಎರಡು ನಿಮಿಷ ತಾಳಿಕೊಂಡು, ತಪ್ಪನ್ನು ಪ್ರೀತಿಯಿಂದ ತಿದ್ದಿದರೆ ಪ್ರತಿಯೊಂದು ಮನೆಯೂ ಮುನ್ಷಿಯ ಜಗಲಿಯಾಗಬಹುದು.

ಚಿಕ್ಕಲಸಂದ್ರವೆಂಬ ಹೆಸರಿನಿಂದಲೇ ಪಾಠವನ್ನು ಆರಂಭಿಸಬಹುದು. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರಗಳಲ್ಲಿರುವಂತೆ ಇಲ್ಲಿಯೂ ಸಂದ್ರವೆಂಬುದು ಸಮುದ್ರವೆಂಬುದರ ತದ್ಭವ. ಸಮುದ್ರವೆಂದರೆ ಹಿಂದಿನವರು ಕಟ್ಟಿಸಿದ ಕೆರೆ. ನುಡಿಯನ್ನು ಅರಿಯದವನಿಗೆ ಅದು ವಿಳಾಸದ ಒಂದು ಪದಮಾತ್ರ. ಅರಿತವನಿಗೆ ಮನೆಗಳ ಸಾಲಿನ ನಡುವೆಯೂ ಒಂದು ಕೆರೆಯ ನೀರು ಕಾಣುವುದು.