ಬಾಗಿಲ ಪಕ್ಕದ ಕುದುರೆ



'ಹಾಬ್ಸನ್ಸ್ ಚಾಯ್ಸ್' ಎಂಬ ಮಾತು ಆಫೀಸಿನಲ್ಲಿ ನಿಮ್ಮ ಕಿವಿಗೂ ಬಿದ್ದಿರಬಹುದು. ಎರಡು ಕಷ್ಟಗಳ ನಡುವೆ ಸಿಕ್ಕಿಕೊಂಡವರು ಇದನ್ನು ಬಳಸುವುದುಂಟು. ಅದು ಸರಿಯಲ್ಲ. ಆ ಪಾಡಿಗೆ ನಮ್ಮಲ್ಲೇ 'ಅತ್ತ ದರಿ ಇತ್ತ ಪುಲಿ' ಎಂಬ ಸೊಗಸಾದ ಗಾದೆ ಇದೆಯಲ್ಲ! ಹಾಬ್ಸನ್‌ನ ಕತೆಯೇ ಬೇರೆ. ಅಲ್ಲಿ ಆಯ್ಕೆ ಇದ್ದಂತೆ ಕಾಣುತ್ತದೆ, ನಿಜಕ್ಕೂ ಇರುವುದು ಒಂದೇ. ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ.

ಈ ಥಾಮಸ್ ಹಾಬ್ಸನ್ ಕಟ್ಟುಕತೆಯ ಮನುಷ್ಯನಲ್ಲ, ಇಂಗ್ಲೆಂಡಿನ ಕೇಂಬ್ರಿಡ್ಜ್ ಊರಿನವನು. 1568ರಲ್ಲಿ ಅಪ್ಪನ ಉಯಿಲಿನಿಂದ ಅವನಿಗೆ ಬಂದದ್ದು ಒಂದು ಗಾಡಿ, ಎಂಟು ಕುದುರೆ. ಅದನ್ನೇ ಬಂಡವಾಳ ಮಾಡಿಕೊಂಡು ಕೇಂಬ್ರಿಡ್ಜ್‌ನಿಂದ ಲಂಡನ್ನಿಗೆ ಸಾಮಾನು ಸಾಗಿಸುತ್ತ ದೊಡ್ಡ ಶ್ರೀಮಂತನಾದ. ಜೊತೆಗೆ ಕುದುರೆಗಳನ್ನು ಬಾಡಿಗೆಗೂ ಕೊಡತೊಡಗಿದ.

ಗಿರಾಕಿಗಳಲ್ಲಿ ಯೂನಿವರ್ಸಿಟಿಯ ಹುಡುಗರೂ ಇದ್ದರು. ಬಾಡಿಗೆ ಕುದುರೆ ಸಿಕ್ಕರೆ ಕೇಳಬೇಕೆ, ಓಡಿಸಿದ್ದೇ ಓಡಿಸಿದ್ದು! ಎಲ್ಲರಿಗೂ ಒಳ್ಳೆಯ ಕುದುರೆಯೇ ಬೇಕೆಂದರೆ ಅದರ ಗತಿಯೇನು? 1712ರಲ್ಲಿ ರಿಚರ್ಡ್ ಸ್ಟೀಲ್ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಹಾಬ್ಸನ್‌ನ ಉಪಾಯವನ್ನು ವಿವರಿಸಿದ್ದಾನೆ. ಲಾಯದಲ್ಲಿ 40 ಕುದುರೆ. ಗಿರಾಕಿಯನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸುತ್ತಿದ್ದ. ಕೊಡುತ್ತಿದ್ದದ್ದು ಮಾತ್ರ ಬಾಗಿಲ ಪಕ್ಕ ನಿಂತದ್ದನ್ನು! ಇದರಿಂದ ಗಿರಾಕಿಗಳಿಗೂ ಸಮಪಾಲು, ಕುದುರೆಗಳಿಗೂ ಸಮಾನ ನ್ಯಾಯ ಎನ್ನುತ್ತಾನೆ ಸ್ಟೀಲ್.

ನನಗೆ ಇಷ್ಟವಾದದ್ದು ಈ ಕೊನೆಯ ಮಾತು. ಇಂಗ್ಲಿಷ್ ನುಡಿಗಟ್ಟಿನಲ್ಲಿ ಉಳಿದಿರುವುದು ಸವಾರನ ಗೊಣಗಾಟ ಮಾತ್ರ, ಕುದುರೆಯ ಬೆವರು ಯಾರಿಗೂ ನೆನಪಿಲ್ಲ. ರೈಲ್ವೆ ಸ್ಟೇಷನ್ನಿನ ಟ್ಯಾಕ್ಸಿ ಸಾಲಿನಲ್ಲಿ ಹಿಂದೆ ನಿಂತ ಹೊಸ ಕಾರಿನ ಮೇಲೆ ಕಣ್ಣಿಟ್ಟು, ಮುಂದೆ ನಿಂತ ಹಳೆಯದನ್ನೇ ಹತ್ತಿದವರಿಗೆ ಇದು ಚೆನ್ನಾಗಿ ಅರ್ಥವಾದೀತು. ಸಾಲಿನಲ್ಲಿ ನಿಂತ ಡ್ರೈವರನಿಗೆ ಇನ್ನೂ ಚೆನ್ನಾಗಿ.

1630ರಲ್ಲಿ ಪ್ಲೇಗ್ ಹರಡಿದಾಗ ಹಾಬ್ಸನ್‌ನ ಲಂಡನ್ ಪ್ರಯಾಣವನ್ನು ನಿಲ್ಲಿಸಲಾಯಿತು. 1631ರ ಜನವರಿ 1ರಂದು, 86ರ ಆಸುಪಾಸಿನ ವಯಸ್ಸಿನಲ್ಲಿ ಅವನು ತೀರಿಕೊಂಡ. ಆಗ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಜಾನ್ ಮಿಲ್ಟನ್, ಹೌದು, 'ಪ್ಯಾರಡೈಸ್ ಲಾಸ್ಟ್' ಬರೆದ ಅದೇ ಮಹಾಕವಿ, ಅವನ ಮೇಲೆ ಎರಡು ತಮಾಷೆಯ ಚರಮಗೀತೆ ಬರೆದ. ಗಾಡಿ ನಿಂತದ್ದಕ್ಕೇ ಮುದುಕ ಸತ್ತ ಎಂಬುದು ಅಲ್ಲಿನ ಹಾಸ್ಯ. 1660ರ ಹೊತ್ತಿಗೆ 'ಹಾಬ್ಸನ್ಸ್ ಚಾಯ್ಸ್' ಅಚ್ಚಿನಲ್ಲೂ ಕಾಣಿಸಿಕೊಂಡಿತ್ತು.

ಅಂದಹಾಗೆ, 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶಕ್ಕೂ ಇವನಿಗೂ ಸಂಬಂಧವಿಲ್ಲ. ಅದು ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಕೂಗು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ತಿರುಚಿಕೊಂಡ ರೂಪ.

ಕೇಂಬ್ರಿಡ್ಜ್‌ಗೆ ಹೋದವರು ಟ್ರಂಪಿಂಗ್ಟನ್ ಬೀದಿಯ ಅಂಚಿನ ಕಲ್ಲುಗಾಲುವೆಗಳನ್ನು ನೋಡಿ ಬನ್ನಿ. ಊರಿಗೆ ಒಳ್ಳೆಯ ನೀರು ತರಲು 17ನೇ ಶತಮಾನದ ಆರಂಭದಲ್ಲಿ ಮಾಡಿದ ಕಾಲುವೆಯ ಭಾಗ ಅದು. ಅದಕ್ಕೆ ಹಣ ಕೊಟ್ಟವರಲ್ಲಿ ನಮ್ಮ ಹಾಬ್ಸನ್ ಕೂಡ ಒಬ್ಬ. ಹೆಸರೂ ಅವನದೇ, ಹಾಬ್ಸನ್ಸ್ ಕಾಂಡ್ಯೂಟ್.