ಅಡುಗೆಮನೆಯ ಪಾಳಿ: ಕ್ರೈಸ್ತ ಮಠಪರಂಪರೆಯಲ್ಲಿ ದಿನಗೆಲಸದ ಆಧ್ಯಾತ್ಮ

ದಿನನಿತ್ಯದ ಕೆಲಸದಲ್ಲಿ ದೇವರನ್ನು ಕಾಣುವುದು ಹೇಗೆ ಎಂದು ಕೇಳಿದರೆ ಇಂದಿನ ಕ್ರೈಸ್ತ ಭಕ್ತಿಸಾಹಿತ್ಯ ಬ್ರದರ್ ಲಾರೆನ್ಸ್ ಅವರ ಹೆಸರನ್ನು ಮುಂದಿಡುತ್ತದೆ. ಹದಿನೇಳನೆಯ ಶತಮಾನದ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದ ಇವರು ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿದ್ದರು ಎಂಬುದು ಎಲ್ಲರೂ ಹೇಳುವ ಮಾತು. ಮಾತು ಸುಳ್ಳಲ್ಲ. ಆದರೆ ಅಡುಗೆಮನೆಯಲ್ಲಿ ಅವರೇ ಏಕಿದ್ದರು ಎಂದು ಯಾರೂ ಕೇಳುವುದಿಲ್ಲ. ದಿನಗೆಲಸದ ಆಧ್ಯಾತ್ಮವನ್ನು ಕೆಲಸ ಮಾಡುವವರ ಮನಸ್ಸಿನಲ್ಲಿ ಮಾತ್ರ ಹುಡುಕಿದರೆ ಅರ್ಧ ಚಿತ್ರವಷ್ಟೇ ಸಿಗುತ್ತದೆ. ಆ ಕೆಲಸ ಯಾರ ಪಾಲಿಗೆ ಹೇಗೆ ಬಂತು ಎಂಬುದರಲ್ಲಿ ಉಳಿದರ್ಧವಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಆರನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕಸಿನೊದಲ್ಲಿದ್ದ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ 73 ಅಧ್ಯಾಯಗಳಿವೆ. ಅವುಗಳಲ್ಲಿ 35ನೆಯದು ಪೂರ್ತಿಯಾಗಿ ಅಡುಗೆಮನೆಗೆ ಮೀಸಲು. ಕಾಯಿಲೆಯವರು ಮತ್ತು ಮಠದ ತುರ್ತು ಕೆಲಸದಲ್ಲಿರುವವರನ್ನು ಬಿಟ್ಟರೆ ಉಳಿದವರೆಲ್ಲರೂ ವಾರಕ್ಕೊಬ್ಬರಂತೆ ಅಡುಗೆಯ ಪಾಳಿ ಹೊರಬೇಕು. ಮಠ ದೊಡ್ಡದಾಗಿದ್ದರೆ ಉಗ್ರಾಣಿಗೆ ವಿನಾಯಿತಿ. ಕೈಲಾಗದವರಿಗೆ ನೆರವಿಗೆ ಜನ ಕೊಡಬೇಕು. ಪಾಳಿ ಮುಗಿಸುವವರು ಶನಿವಾರ ಅಡುಗೆಮನೆಯನ್ನು ಚೊಕ್ಕಟ ಮಾಡಿ, ಎಲ್ಲರೂ ಕೈಕಾಲು ಒರೆಸಿಕೊಂಡ ಬಟ್ಟೆಗಳನ್ನು ಒಗೆಯಬೇಕು. ಆಮೇಲೆ ಪಾಳಿ ಬಿಡುವವರೂ ಹಿಡಿಯುವವರೂ ಸೇರಿ ಎಲ್ಲರ ಪಾದ ತೊಳೆಯಬೇಕು. ಪಾತ್ರೆಪಗಡಗಳನ್ನು ತೊಳೆದು, ಮುಕ್ಕಾಗದಂತೆ ಉಗ್ರಾಣಿಗೆ ಒಪ್ಪಿಸಬೇಕು. ಉಗ್ರಾಣಿ ಅವನ್ನು ಮುಂದಿನವರ ಕೈಗೆ ಲೆಕ್ಕ ಹಿಡಿದು ಕೊಡಬೇಕು. ಭಾನುವಾರ ಬೆಳಗಿನ ಪ್ರಾರ್ಥನೆಯ ನಂತರ ಇಬ್ಬರೂ ಎಲ್ಲರ ಮುಂದೆ ಮೊಣಕಾಲೂರಿ ತಮಗಾಗಿ ಪ್ರಾರ್ಥಿಸಿರೆಂದು ಬೇಡಿಕೊಳ್ಳುತ್ತಾರೆ.

ಪಾದ ತೊಳೆಯುವ ಈ ಕ್ರಮ ಯೋಹಾನನ ಸುವಾರ್ತೆಯ ಕಡೆಯ ಭೋಜನದ ನೆನಪು ಎಂಬುದು ಸ್ಪಷ್ಟ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಒಗೆದ ಬಟ್ಟೆ ಮತ್ತು ಪಾತ್ರೆಯ ಲೆಕ್ಕ. ಮಠದ ಸಾಮಾನುಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು 31ನೆಯ ಅಧ್ಯಾಯ ಉಗ್ರಾಣಿಗೆ ಹೇಳುತ್ತದೆ. ಇದನ್ನು ಬಿಡಿಯಾಗಿ ಓದಿದರೆ ಭಾವುಕ ಮಾತು ಅನಿಸೀತು. 35ನೆಯದರ ಜೊತೆಗೆ ಓದಿದಾಗ ಬೇರೆಯೇ ಅರ್ಥ ಹೊಳೆಯುತ್ತದೆ: ಪಾತ್ರೆ ಪವಿತ್ರವೆನಿಸುವುದು ಮುಂದಿನ ವಾರ ಅದು ಇನ್ನೊಬ್ಬರ ಕೈಗೆ ಹೋಗುತ್ತದೆ ಎಂಬುದರಿಂದಲೂ ಹೌದು. ಬೆನೆಡಿಕ್ಟರಿಗೆ ಮನುಷ್ಯಸ್ವಭಾವ ಗೊತ್ತಿತ್ತು. ಬಡಿಸುವವರು ಗೊಣಗದಿರಲೆಂದು ಊಟಕ್ಕೆ ಒಂದು ತಾಸು ಮುಂಚೆ ಅವರಿಗೆ ತುಸು ರೊಟ್ಟಿ, ಪಾನೀಯ ಹೆಚ್ಚಿಗೆ ಕೊಡುವಂತೆ ಬರೆದಿಟ್ಟರು. ಹಸಿದವರಿಗೆ ಉಪದೇಶ ರುಚಿಸುವುದಿಲ್ಲವಲ್ಲ.

ಈ ಪಾಳಿ ಹಾಗೆಯೇ ಉಳಿಯಲಿಲ್ಲ. ಫ್ರಾನ್ಸಿನ ಕ್ಲೂನಿಯಂಥ ಮಠಗಳಲ್ಲಿ ಆರಾಧನೆಯ ಹೊತ್ತು ಬೆಳೆದಂತೆ ಮೈಗೆಲಸ ಕುಗ್ಗಿತು. 1098ರಲ್ಲಿ ಆರಂಭವಾದ ಸಿಸ್ಟೆರ್ಸಿಯನ್ ಸಭೆ ದುಡಿಮೆಗೆ ಮತ್ತೆ ಬೆಲೆ ತಂದುಕೊಟ್ಟಿತು, ನಿಜ. ಆದರೆ ಹೊಲಗದ್ದೆಯ ಭಾರವನ್ನು ಬಹುಮಟ್ಟಿಗೆ ಹೊತ್ತವರು ‘ಲೇ ಬ್ರದರ್’ ಎಂಬ ಪ್ರತ್ಯೇಕ ವರ್ಗದವರು. ಅವರಿಗೆ ಓದು ಕಲಿಸುವಂತಿರಲಿಲ್ಲ, ಮಠಾಧಿಪತಿಯ ಆಯ್ಕೆಯಲ್ಲಿ ಅವರ ಮತವಿರಲಿಲ್ಲ. ಒಂದೇ ಸೂರಿನಡಿ ಹಾಡುವವರು ಬೇರೆ, ಮುಸುರೆ ತಿಕ್ಕುವವರು ಬೇರೆ ಆದರು.

ಕನ್ನಡದ ಓದುಗರಿಗೆ ಇಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಕಾಯಕ ನೆನಪಾಗದಿರದು. ಅಗತ್ಯಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಹಿಂದಿರುಗಿಸೆಂದ ಆಯ್ದಕ್ಕಿ ಲಕ್ಕಮ್ಮನ ನಿಷ್ಠುರತೆಯನ್ನು ಬೆನೆಡಿಕ್ಟರ ಉಗ್ರಾಣಿ ಮೆಚ್ಚುತ್ತಿದ್ದ. ಆದರೆ ಹೋಲಿಕೆಯನ್ನು ತೀರ ಎಳೆಯಬಾರದು. ಕಾಯಕ ಶರಣರ ಸ್ವಂತದ ದುಡಿಮೆ, ಸಂಸಾರದೊಳಗಿನದು. ಅದರ ಫಲ ದಾಸೋಹಕ್ಕೆ. ಅಡುಗೆಯ ಪಾಳಿ ಯಾರ ಸ್ವಂತದ್ದೂ ಅಲ್ಲ, ವಾರ ಕಳೆದರೆ ಬಿಟ್ಟುಕೊಡಬೇಕಾದದ್ದು.

ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಕಾರ್ಮೆಲ್ ಸಭೆಯನ್ನು ಸುಧಾರಿಸಿದ ಅವಿಲಾದ ಸಂತ ತೆರೇಸಾ ಮಡಕೆ ಕುಡಿಕೆಗಳ ನಡುವೆಯೂ ಪ್ರಭು ಓಡಾಡುತ್ತಾನೆಂಬ ಅರ್ಥದ ಮಾತು ಬರೆದರು. ಅದು ಪ್ರಸಿದ್ಧವಾಗಿದೆ. ಕಸ ಗುಡಿಸುವವರ ಪಟ್ಟಿಯಲ್ಲಿ ಮೊದಲ ಹೆಸರು ಮಠದ ಮದರ್‌ನದೇ ಇರಬೇಕೆಂದು ತಮ್ಮ ಸಂವಿಧಾನದಲ್ಲಿ ಅವರು ವಿಧಿಸಿದ್ದು ಅಷ್ಟು ಪ್ರಸಿದ್ಧವಲ್ಲ. ನನ್ನ ಮಟ್ಟಿಗೆ ಎರಡನೆಯದಿಲ್ಲದೆ ಮೊದಲನೆಯದಕ್ಕೆ ತೂಕವಿಲ್ಲ.

ಲಾರೆನ್ಸ್ ಇದೇ ಸಭೆಯ ಪುರುಷರ ಶಾಖೆಗೆ ಸೇರಿದವರು. ಹುಟ್ಟು ಹೆಸರು ನಿಕೋಲಾ ಎರ್ಮಾನ್. ಲೊರೇನ್ ಪ್ರಾಂತ್ಯದ ಬಡ ಕುಟುಂಬದವರು. ಮೂವತ್ತು ವರ್ಷಗಳ ಯುದ್ಧದಲ್ಲಿ ಸಿಪಾಯಿಯಾಗಿ ಗಾಯಗೊಂಡು ಕಾಲು ಕುಂಟಾಯಿತು. 1640ರಲ್ಲಿ ಲೇ ಬ್ರದರ್ ಆಗಿ ಮಠ ಸೇರಿದರು. ಅಡುಗೆಮನೆ ಅವರ ಆಯ್ಕೆಯಲ್ಲ. ಆ ಕೆಲಸದ ಬಗ್ಗೆ ತಮಗೆ ಸ್ವಭಾವತಃ ಜಿಗುಪ್ಸೆಯಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದಾಗ ಕುಂಟುಗಾಲಿನಿಂದ ದೋಣಿಯಲ್ಲಿ ನಡೆಯಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಓಡಾಡಿದರಂತೆ. ಬಾಣಲೆಯ ಆಮ್ಲೆಟ್ ಮಗುಚುವುದನ್ನೂ ದೇವರ ಪ್ರೀತಿಗಾಗಿ ಮಾಡುತ್ತಿದ್ದರು. ಬೇರೆ ಕೆಲಸವಿಲ್ಲದಿದ್ದರೆ ನೆಲಕ್ಕೆ ಅಡ್ಡಬಿದ್ದು ವಂದಿಸಿ ಎದ್ದೇಳುತ್ತಿದ್ದರು. ಆಯ್ಕೆಯೇ ಇಲ್ಲದವರು ಇದ್ದ ಜಾಗದಲ್ಲೇ ಕಂಡುಕೊಂಡ ಸ್ವಾತಂತ್ರ್ಯವಿದು. ಅದರ ಹಿರಿಮೆಯನ್ನು ಒಪ್ಪಿಯೂ, ಅವರಿಗೆ ಆಯ್ಕೆಯಿರಲಿಲ್ಲ ಎಂಬುದನ್ನು ಮರೆಯಬಾರದು.

1666ರ ಆಗಸ್ಟಿನಿಂದ ಅವರೊಡನೆ ನಡೆದ ಮಾತುಕತೆಗಳನ್ನು ಬರೆದಿಟ್ಟವರು ಜೋಸೆಫ್ ದ ಬೊಫೋರ್ ಎಂಬ ಗುರು. 1691ರಲ್ಲಿ ಲಾರೆನ್ಸ್ ತೀರಿಕೊಂಡ ಮೇಲೆ 1692ರಲ್ಲಿ ಅವರ ಬರಹಗಳೂ 1694ರಲ್ಲಿ ಈ ಮಾತುಕತೆಗಳೂ ಪುಸ್ತಕವಾದವು. ಸ್ವಂತ ಪ್ರಯತ್ನವನ್ನೆಲ್ಲ ಬಿಟ್ಟು ದೇವರಲ್ಲಿ ಸುಮ್ಮನಿರಬೇಕೆನ್ನುವ ಕ್ವಯಟಿಸಮ್ ಕುರಿತ ವಿವಾದದ ಬಿಸಿ ಆಗ ಫ್ರಾನ್ಸಿನಲ್ಲಿತ್ತು. ಲಾರೆನ್ಸರನ್ನು ಬಲ್ಲ ಆರ್ಚ್‌ಬಿಷಪ್ ಫೆನೆಲೋನ್‌ರ ಕೃತಿಯ 23 ವಾಕ್ಯಗಳನ್ನು 1699ರಲ್ಲಿ ಪೋಪರು ಖಂಡಿಸಿದರು. ಆ ಶಂಕೆಯ ನೆರಳು ಲಾರೆನ್ಸರ ಮೇಲೂ ಬಿದ್ದು, ಮುಂದೆ ಅವರಿಗೆ ಪ್ರಾಟೆಸ್ಟೆಂಟರಲ್ಲಿ ಓದುಗರು ಹೆಚ್ಚಿದರು; ಜಾನ್ ವೆಸ್ಲಿ ತಮ್ಮ ಗ್ರಂಥಮಾಲೆಯಲ್ಲಿ ಅವರ ಬರಹಕ್ಕೆ ಜಾಗ ಕೊಟ್ಟರು. ಮಠವಿಲ್ಲದ ಮನೆಗಳಿಗೆ ಪುಸ್ತಕ ತಲುಪಿದಾಗ ಗಂಟೆ, ಗಾಯನ, ಮೇಲಧಿಕಾರಿಗಳ ಅಪ್ಪಣೆ ಎಲ್ಲವೂ ಕಳಚಿ ಒಳಮನಸ್ಸಿನ ಸಾಧನೆಯಷ್ಟೇ ಉಳಿಯಿತು. ಇಂದು ನಾವು ಓದುತ್ತಿರುವುದು ಈ ಲಾರೆನ್ಸರನ್ನು.

ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ಕೆಲಸ ಯಾರ ಪಾಲಿಗೆ ಎಂಬ ಹೊರಗಿನ ಪ್ರಶ್ನೆ ಇರಲೇ ಇಲ್ಲವೆಂದಲ್ಲ. ವೈವಾಹಿಕ ಜೀವನದ ಕುರಿತ 1522ರ ಬರಹದಲ್ಲಿ ಮಾರ್ಟಿನ್ ಲೂಥರ್, ಮಗುವಿನ ಹೊಲಸು ಬಟ್ಟೆ ಒಗೆಯುವ ತಂದೆಯನ್ನು ಚಿತ್ರಿಸುತ್ತಾರೆ. ನೆರೆಹೊರೆಯವರು ಹೆಣ್ಣಿಗನೆಂದು ನಗುತ್ತಾರೆ; ವಿಶ್ವಾಸದಿಂದ ಮಾಡಿದ ಆ ಕೆಲಸ ಕಂಡು ದೇವರು ದೂತರೊಡನೆ ಸಂತೋಷದಿಂದ ನಗುತ್ತಾನೆ. ಅದೇ ಬಟ್ಟೆಯನ್ನು ತಾಯಿ ದಿನವೂ ಒಗೆದಾಗ ನೆರೆಯವರು ತಿರುಗಿಯೂ ನೋಡುವುದಿಲ್ಲ. ಗಂಡಸಿನ ಪಾಳಿಯಲ್ಲವೆಂದು ಊರು ತಿಳಿದಿದ್ದ ಕೆಲಸವನ್ನು ತಂದೆ ಕೈಗೆತ್ತಿಕೊಂಡದ್ದರಿಂದಲೇ ಲೂಥರರ ಚಿತ್ರಕ್ಕೆ ಮೊನೆ ಬಂದಿದೆ.

ಹಾಡುವವರು, ದುಡಿಯುವವರು ಎಂಬ ಮಠದೊಳಗಿನ ವರ್ಗಭೇದವನ್ನು ಕ್ಯಾಥೋಲಿಕ್ ಧರ್ಮಸಭೆ ನೇರವಾಗಿ ಎದುರಿಸಿದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ. ಸನ್ಯಾಸಜೀವನದ ನವೀಕರಣ ಕುರಿತು 1965ರ ಅಕ್ಟೋಬರಿನಲ್ಲಿ ಹೊರಟ ಆಜ್ಞೆಯ 15ನೆಯ ಪರಿಚ್ಛೇದ, ಧರ್ಮಭಗಿನಿಯರ ಸಭೆಗಳಲ್ಲಿ ಒಂದೇ ವರ್ಗದ ಸಿಸ್ಟರುಗಳಿರುವಂತೆ ಮಾಡಲು ಹೇಳಿತು; ಪುರುಷರ ಸಭೆಗಳಲ್ಲಿ ಬ್ರದರುಗಳನ್ನು ಸಮುದಾಯದ ಜೀವನಕ್ಕೆ ಹತ್ತಿರ ಸೇರಿಸಿಕೊಳ್ಳಲು ಸೂಚಿಸಿತು. ಅಡುಗೆಮನೆಯ ಪ್ರಸ್ತಾಪ ಅಲ್ಲಿಲ್ಲ. ಆದರೆ ಕೆಲಸಕ್ಕೆಂದೇ ಇದ್ದ ವರ್ಗವೊಂದು ಇಲ್ಲವಾದರೆ ಪಾತ್ರೆ ಯಾರು ತೊಳೆಯಬೇಕೆಂಬ ಪ್ರಶ್ನೆ ಮಠದ ಪ್ರತಿಯೊಬ್ಬರ ಮುಂದೆಯೂ ಮತ್ತೆ ಬಂದು ನಿಲ್ಲುತ್ತದೆ. ಅದಕ್ಕೆ ಸಂಬಳದ ಅಡುಗೆಯವರನ್ನು ಇಟ್ಟುಕೊಂಡು ಉತ್ತರಿಸಿದ ಮಠಗಳಿಗೂ, ಸರದಿಯ ಪಟ್ಟಿ ಬರೆದು ಗೋಡೆಗೆ ಹಚ್ಚಿದ ಮಠಗಳಿಗೂ ಬೆನೆಡಿಕ್ಟರ 35ನೆಯ ಅಧ್ಯಾಯ ಒಂದೇ ಬಗೆಯಲ್ಲಿ ಕೇಳಿಸಲಾರದು.